ಬೆಂಕಿ ಆರಿದ ಮೇಲೆ ಬೆಟ್ಟ ಏಕೆ ಹರಿದು ಬರುತ್ತದೆ?

ಪ್ರಶ್ನೆ: ಕಾಡ್ಗಿಚ್ಚಿನ ಬೂದಿ ಗೊಬ್ಬರವಾಗಿ ಕಾಡು ಬೇಗ ಚಿಗುರುತ್ತದೆ ಅನ್ನುತ್ತಾರೆ. ಆದರೆ ಸುಟ್ಟ ಬೆಟ್ಟಗಳಿಂದಲೇ ಮೊದಲ ಜೋರುಮಳೆಗೆ ಕೆಸರು, ಬಂಡೆ ನುಗ್ಗುವುದೇಕೆ?

ಉತ್ತರ: ಎರಡೂ ನಿಜ. ಜ್ವಾಲೆ ಎಷ್ಟೆತ್ತರ ಎದ್ದಿತು ಅನ್ನುವುದಕ್ಕಿಂತ ಮಣ್ಣು ಎಷ್ಟು ಹೊತ್ತು ಕಾಯಿತು ಅನ್ನುವುದು ಮುಖ್ಯ. ಒಣಹುಲ್ಲಿನ ಬೆಂಕಿ ಸರಸರನೆ ಮುಂದೆ ಓಡುತ್ತದೆ. ಒಳಗಿನ ಬೇರು, ಬೀಜ ಬಹುಪಾಲು ಉಳಿಯುತ್ತವೆ. ದಪ್ಪ ತರಗು, ಬಿದ್ದ ದಿಮ್ಮಿಗಳು ಗಂಟೆಗಟ್ಟಲೆ ಉರಿದ ಕಡೆ ಕಥೆಯೇ ಬೇರೆ. ತರಗಿನಲ್ಲಿರುವ ಮೇಣದಂಥ ಪದಾರ್ಥ ಆವಿಯಾಗಿ ಕೆಳಗಿಳಿದು, ತಂಪಾದ ಮಣ್ಣಿನ ಕಣಗಳಿಗೆ ಮೆತ್ತಿಕೊಳ್ಳುತ್ತದೆ. ಆ ಪದರ ನೀರು ಹೀರುವುದಿಲ್ಲ. ಇಂಗದ ಮಳೆನೀರು ಮೇಲಿನ ಸಡಿಲ ಮಣ್ಣು, ಬಂಡೆಗಳನ್ನು ಹೊತ್ತು ಕೆಳಗೆ ನುಗ್ಗುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಬಲಿಯುತ್ತದೆ, 300ರ ಹತ್ತಿರ ಹೋದರೆ ಸುಟ್ಟೇಹೋಗುತ್ತದೆ. ಹಾಗಾಗಿ ಮೇಲ್ಮಣ್ಣು ಸರಿಯಾಗಿ ಕಂಡು, ಎರಡು ಬೆರಳಿನಷ್ಟು ಕೆಳಗೆ ಪದರ ಅಡಗಿರಬಹುದು. ಮೇಲೆ ಮಾತ್ರ ನೋಡಿದವರು ಮೋಸಹೋಗುವುದು ಇಲ್ಲೇ.

ಪರೀಕ್ಷೆ ಸುಲಭ. ಬೂದಿ ಸರಿಸಿ, ಒಣಮಣ್ಣಿಗೆ ಕೆಲವು ಹನಿ ನೀರು ಬಿಡಿ. 5 ಸೆಕೆಂಡಿನೊಳಗೆ ಇಂಗಿದರೆ ಚಿಂತೆಯಿಲ್ಲ. ನಿಮಿಷ ದಾಟಿಯೂ ಹನಿ ಗುಂಡಗೆ ನಿಂತರೆ ಅಪಾಯ. 1, 3, 5 ಸೆಂಟಿಮೀಟರ್ ಆಳಕ್ಕೆ ಕೆರೆದು ಮತ್ತೆ ನೋಡಿ, ನಾಲ್ಕಾರು ಜಾಗದಲ್ಲಿ.

ಕ್ಯಾಲಿಫೋರ್ನಿಯಾದ ಮಾಂಟೆಸಿಟೊದಲ್ಲಿ 2018ರ ಜನವರಿ 9ರಂದು ಹೀಗೆ ಹರಿದ ಕೆಸರಿಗೆ 23 ಜನ ಬಲಿಯಾದರು. ಮೇಲಿನ ಬೆಟ್ಟ ಸುಟ್ಟಿದ್ದು ಹಿಂದಿನ ತಿಂಗಳು. ಆ ಕಾಡ್ಗಿಚ್ಚು ಆಗಿನ್ನೂ ಪೂರ್ತಿ ಹತೋಟಿಗೆ ಬಂದಿರಲಿಲ್ಲ. ದಿನವಿಡೀ ಸುರಿಯುವ ಸೋನೆಗಿಂತ ಕಾಲು ಗಂಟೆಯ ಬಿರುಮಳೆಗೆ ಹೆಚ್ಚು ಹೆದರಬೇಕು.

ಪ್ರಶ್ನೆ: ಮಳೆಗೆ ಮೊದಲು ಏನು ಮಾಡಬಹುದು? ಹುಲ್ಲಿನ ಬೀಜ ಎರಚಿದರೆ ಸಾಕೇ?

ಉತ್ತರ: ಸಾಲದು. ಮೊಳೆಯುವ ಮೊದಲೇ ಬೀಜ ಕೊಚ್ಚಿಹೋಗುತ್ತದೆ. ಉಳಿದದ್ದರಲ್ಲಿ ಕಳೆಯೂ ಸೇರಿರುತ್ತದೆ. ಒಣಹುಲ್ಲು ಅಥವಾ ಮರದ ಚೂರಿನ ಹೊದಿಕೆ ವಾಸಿ. ನೆಲದ ಮೂರರಲ್ಲಿ ಎರಡು ಪಾಲು ಮುಚ್ಚಿ, ದಪ್ಪ ಎರಡು-ಮೂರು ಸೆಂಟಿಮೀಟರ್ ಇದ್ದರೆ ಸಾಕು. ಅದಕ್ಕಿಂತ ದಪ್ಪವಾದರೆ ಸಸಿಗಳೇ ಏಳುವುದಿಲ್ಲ. ಗಾಳಿ ಜೋರಿರುವ ಏಣಿನಲ್ಲಿ ಹುಲ್ಲು ಹಾರಿಹೋಗುತ್ತದೆ, ಅಲ್ಲಿಗೆ ಮರದ ಚೂರೇ ಸರಿ. ಇಳಿಜಾರಿಗೆ ಅಡ್ಡ ದಿಮ್ಮಿ ಇಡುವುದಾದರೆ ಸಮಪಾತಳಿಯಲ್ಲಿ, ತೆಳುಗಾಲುವೆ ತೋಡಿ ಕೂರಿಸಿ, ಮೇಲ್ಗಡೆ ಮಣ್ಣು ತುಳಿದು ಗಟ್ಟಿಮಾಡಬೇಕು. ಅಡಿಯಲ್ಲಿ ಸಂದು ಉಳಿದರೆ ನೀರೆಲ್ಲ ಅಲ್ಲೇ ನುಗ್ಗಿ ಕೊರಕಲು ಬೀಳುತ್ತದೆ. ಅಂಥ ದಿಮ್ಮಿ ಇಡದಿರುವುದೇ ಮೇಲು. ರಸ್ತೆ ಮೋರಿಗಳನ್ನು ಮರೆಯದೆ ತೆರವು ಮಾಡಿ.

ಪ್ರಶ್ನೆ: ಕಪ್ಪಾದ ಮರಗಳನ್ನೆಲ್ಲ ಕಡಿಯಬೇಕೇ?

ಉತ್ತರ: ಅವಸರ ಬೇಡ. ಬುಡದ ಹತ್ತಿರ ನಾಲ್ಕೂ ಬದಿ ತೊಗಟೆಯನ್ನು ಉಗುರಗಲ ಸೀಳಿ ನೋಡಿ: ಒಳಪದರ ಬಿಳಿಯಾಗಿ ಒದ್ದೆಯಿದ್ದರೆ ಜೀವವಿದೆ, ಕಂದಾಗಿ ಒಣಗಿದ್ದರೆ ಆ ಬದಿ ಸತ್ತಿದೆ. ಇಳಿಜಾರಿನಲ್ಲಿ ಸಾಮಾನ್ಯವಾಗಿ ಹೆಚ್ಚು ಬೇಯುವುದು ಮೇಲ್ಬದಿ. ದಾರಿಗೆ ಬೀಳುವಂತಿರುವುದನ್ನು ಮಾತ್ರ ಮೊದಲು ತೆಗೆಯಿರಿ. ಉಳಿದವನ್ನು ಯಂತ್ರದಿಂದ ಎಳೆದರೆ ಸಡಿಲ ಮಣ್ಣಿನಲ್ಲಿ ಬಿದ್ದ ಗೆರೆಗಳೇ ನೀರಿಗೆ ಕಾಲುವೆ. ಸತ್ತ ಮರದ ಬೇರೂ ಕೆಲವು ವರ್ಷ ಮಣ್ಣು ಹಿಡಿಯುತ್ತದೆ. ಅದು ಕೊಳೆತು, ಹೊಸ ಬೇರು ಇನ್ನೂ ಇಳಿಯದ ನಡುವಿನ ವರ್ಷಗಳಲ್ಲಿ ಭೂಕುಸಿತದ ಭಯ ಮತ್ತೆ ಬರುತ್ತದೆ. ಕಡಿದಾದ ಇಳಿಜಾರುಗಳ ಮೇಲೆ ಆಗಲೂ ಕಣ್ಣಿರಲಿ.