ಡಸ್ಟ್ ಬೇರೆ, ಮಣ್ಣು ಬೇರೆ

ಪತ್ರ: ಸಂಪಾದಕರೇ, ನನ್ನ ಮಗನಿಗೆ ಆರು ವರ್ಷ. ಬೆಳಿಗ್ಗೆ ಎದ್ದ ಕೂಡಲೇ ಇಪ್ಪತ್ತು ಸೀನು, ಕಣ್ಣು ಕೆಂಪು. ಡಾಕ್ಟ್ರು ಡಸ್ಟ್ ಅಲರ್ಜಿ ಅಂದ್ರು. ಡಸ್ಟ್ ಬರಬಾರದು ಅಂತ ಕಿಟಕಿ ಮುಚ್ಚೇ ಇರ್ತೀವಿ, ದಿನಾ ಎರಡು ಸಲ ಫಿನಾಯಿಲ್ ಹಾಕಿ ನೆಲ ಒರಸ್ತೀವಿ, ಡಸ್ಟ್ ಏಳದಂಗ ಅಂಗಳಕ್ಕೂ ಪೇವರ್ಸ್ ಹಾಕಿಸೀವಿ. ನಮ್ಮತ್ತೆ 'ಹುಡುಗನ್ನ ಹೊಲಕ್ಕೆ ಬಿಡ್ರಿ' ಅಂತಾರೆ, ನಮ್ಮ ಮನೆಯವರು ಎಲ್ಲಾ ಡಸ್ಟಿಂದನೇ ಅಂತಾರೆ. ಯಾರ ಮಾತು ಖರೆ?
ಒಬ್ಬ ಓದುಗರು, ಸಿಂಧನೂರು

ಉತ್ತರ: ತಾಯಿ, ನಿಮ್ಮ ಪತ್ರ ಎರಡು ಸಲ ಓದಿದೆ. ನಾಲ್ಕು ಸಲ ಡಸ್ಟ್ ಅಂತ ಬರದೀರಿ, ಒಂದು ಸಲನಾದ್ರೂ ಮಣ್ಣು ಅಂತ ಬರದಿಲ್ಲ. ನಂಗೆ ಚುಚ್ಚಿದ್ದು ಅದೇ.

ನಿಮ್ಮ ಮನೆಯವರ ಮಾತು ಸುಳ್ಳಲ್ಲ, ಮೊದಲೇ ಹೇಳಿಬಿಡ್ತೀನಿ. ಬಳ್ಳಾರಿಯಾಗ ಕೂತು ಧೂಳು ಏನೂ ಮಾಡಲ್ಲ ಅಂದ್ರೆ ಜನ ನಗ್ತಾರೆ. ಸಂಡೂರಿನ ಅದಿರು ಲಾರಿ, ನಿಮ್ಮ ಕಡೆ ರೈಸ್ ಮಿಲ್ ತೌಡು, ಶಕ್ತಿನಗರದ ಕರೆಂಟ್ ಸ್ಥಾವರದ ಬೂದಿ, ಎಲ್ಲಾ ಮೂಗು ಗಂಟಲು ಕೆರಳಿಸ್ತಾವೆ, ಇದ್ದ ಅಲರ್ಜಿನ ಜಾಸ್ತಿ ಮಾಡ್ತಾವೆ. ಕಾಂಗ್ರೆಸ್ ಕಸ ಮೈಗೆ ತಾಗಿದ್ರೆ ತುರಿಕೆ ಬರೋದು ಎಲ್ರಿಗೂ ಗೊತ್ತು. ಇನ್ನು ಬಳ್ಳಾರಿ ಜಾಲಿ, ಅಮೆರಿಕ ಖಂಡದಿಂದ ಬಂದ ಗಿಡಕ್ಕೆ ನಮ್ಮೂರಿನ ಹೆಸರು ಯಾಕೆ ಅಂಟ್ತೋ ಏನೋ, ಅದರ ಪರಾಗನೂ ಅಲರ್ಜಿ ತರ್ತದೆ. ಒಪ್ಪಿದೆ. ಆದ್ರೆ ಹೊಗೆ ಧೂಳೇ ಮೂಲ ಆಗಿದ್ರೆ ಜರ್ಮನಿ ಲೆಕ್ಕ ತಪ್ಪಬೇಕಿತ್ತು. ಬರ್ಲಿನ್ ಗೋಡೆ ಬಿದ್ದ ಮೇಲೆ ಎರಿಕಾ ಫಾನ್ ಮ್ಯೂಟಿಯಸ್ ಅನ್ನೋ ಡಾಕ್ಟ್ರು ಪೂರ್ವ, ಪಶ್ಚಿಮ ಜರ್ಮನಿ ಎರಡೂ ಕಡೆ ಮಕ್ಕಳನ್ನ ಹೋಲಿಸಿ ನೋಡಿದ್ರು. ಕಲ್ಲಿದ್ದಲ ಹೊಗೆ ಕುಡಿದು ಬೆಳೆದ ಪೂರ್ವದ ಮಕ್ಕಳಿಗಿಂತ ಪಶ್ಚಿಮದ ಮ್ಯೂನಿಕ್‌ನ ಮಕ್ಕಳಿಗೇ ಅಲರ್ಜಿ ಜಾಸ್ತಿ ಇತ್ತು!

ಈಗ ನಿಮ್ಮತ್ತೆ ಕಡೆ ಬರ್ತೀನಿ. 1873ರಾಗೇ ಮ್ಯಾಂಚೆಸ್ಟರ್‌ನ ಬ್ಲ್ಯಾಕ್ಲಿ ಅನ್ನೋ ವೈದ್ಯ, ಪಾಪ ಅವನಿಗೇ ಪರಾಗದ ಸೀನು, ಒಂದು ಮಾತು ಬರದಿಟ್ಟಿದ್ದ: ದಿನಾ ಹುಲ್ಲಿನಾಗೇ ಇರೋ ರೈತರಿಗೆ ಈ ರೋಗ ಕಮ್ಮಿ, ಓದಿದೋರಿಗೇ ಜಾಸ್ತಿ. 1989ರಾಗ ಲಂಡನ್ನಿನ ಡೇವಿಡ್ ಸ್ಟ್ರಾಚನ್ ಹದಿನೇಳು ಸಾವಿರ ಮಕ್ಕಳ ಲೆಕ್ಕ ತೆಗೆದ್ರೆ, ಮನಿಯಾಗ ಅಣ್ಣ ಅಕ್ಕ ಎಷ್ಟು ಜಾಸ್ತಿನೋ ಅಷ್ಟು ಸೀನು ಕಮ್ಮಿ. ಒಬ್ಬರ ಸಿಂಬಳ ಒಬ್ಬರಿಗೆ ಹತ್ತಿ ಬೆಳೆದೋರು ನೋಡ್ರಿ. ಇದನ್ನ ಓದಿದಾಗ ನಂಗೆ ನಮ್ಮ ಕುರುಗೋಡು ಕಡೆ ಮನಿ ನೆನಪಾತು, ಏಳು ಜನ ಒಂದೇ ಕೌದಿಯಾಗ.

ಆದ್ರೆ ನಂಗೆ ಬಹಳ ಹಿಡಿಸಿದ್ದು 2016ರ ಅಮೆರಿಕದ ಕಥಿ. ಆಮಿಶ್, ಹಟರೈಟ್ ಅಂತ ಎರಡು ಪಂಗಡ, ಇಬ್ರೂ ಯುರೋಪಿಂದ ಹೋದೋರು, ಇಬ್ರೂ ರೈತರೇ, ರಕ್ತ ಊಟ ಎಲ್ಲಾ ಹತ್ತತ್ರ ಒಂದೇ. ಆಮಿಶ್ ಜನ ಕುದುರೆ ಹೂಡ್ತಾರೆ, ಕೊಟ್ಟಿಗೆ ಮನಿ ಪಕ್ಕನೇ, ಮಕ್ಕಳು ಅದರಾಗೇ ಆಡ್ತಾವೆ. ಹಟರೈಟರದು ದೊಡ್ಡ ಮಶೀನಿನ ಬೇಸಾಯ, ಕೊಟ್ಟಿಗೆ ದೂರ. ಅಸ್ತಮಾ ಹಟರೈಟ್ ಮಕ್ಕಳಲ್ಲಿ ನೂರಕ್ಕೆ 21, ಆಮಿಶ್ ಮಕ್ಕಳಲ್ಲಿ 5. ಆಮೇಲೆ ಎರಡೂ ಕಡೆ ಮನಿ ಧೂಳನ್ನ ಇಲಿ ಮೂಗಿಗೆ ಬಿಟ್ಟು ನೋಡಿದ್ರು, ಆಮಿಶ್ ಧೂಳು ಇಲಿಗೆ ಅಸ್ತಮಾ ಬರದಂಗ ಕಾಪಾಡ್ತು. ಧೂಳೇ ಔಷಧಿ ಆತು! ಅದರಾಗ ಇದ್ದದ್ದು ದನದ ಕೊಟ್ಟಿಗೆಯ ಜೀವಾಣು. ತಲಬಾಗಿಲು ದಾಟಿದ್ರೆ ದನ ಕಟ್ಟೋ ಗ್ವಾದಲಿ, ಅದರಾಚೆ ಪಡಸಾಲಿ ಇದ್ದ ನಮ್ಮ ಮಾಳಗಿ ಮನಿಗಳು ಮತ್ತೇನು? ಅವನ್ನ ಕೆಡವಿ ಆರ್‌ಸಿಸಿ ಕಟ್ಟಿದೋರು ನಾವೇ, ಎತ್ತು ಮಾರಿ ಟ್ರಾಕ್ಟರ್ ತಂದೋರೂ ನಾವೇ.

ನಾಯಿಮರಿನ ಒಳಗೇ ಕಟ್ಟಿ ಸಾಕಿ ನೋಡ್ರಿ, ದೊಡ್ಡದಾದ ಮೇಲೆ ಬಂದ ಬೀಗರಿಗೂ ಬೊಗಳ್ತದೆ. ಮೈಯೊಳಗಿನ ರಕ್ಷಣೆನೂ ಹಂಗೇ, ಮೊದಲ ಎರಡು ಮೂರು ವರ್ಷದಾಗ ಯಾರು ಬೀಗರು ಯಾರು ಕಳ್ಳರು ಅಂತ ಪರಿಚಯ ಆಗಬೇಕು, ಆಗಲಿಲ್ಲ ಅಂದ್ರೆ ಪರಾಗಕ್ಕೂ ಶೇಂಗಾಕ್ಕೂ ಬೊಗಳ್ತದೆ. ಶೇಂಗಾ ಅಂದ್ರೆ ನೆನಪಾತು, ಅಲರ್ಜಿ ಬರೋ ಸಂಭವ ಇರೋ ಕೂಸಿಗೆ ಮೂರು ವರ್ಷ ತನಕ ಕೊಡಬೇಡ್ರಿ ಅಂತ ಅಮೆರಿಕದ ಮಕ್ಕಳ ಡಾಕ್ಟರುಗಳು 2000ದಾಗ ಹೇಳಿದ್ರು. 2015ರಾಗ ಲಂಡನ್ನಿನಾಗ 640 ಕೂಸುಗಳ ಮೇಲೆ ನೋಡಿದ್ರೆ ಉಲ್ಟಾ: ಅಲರ್ಜಿ ಬರೋ ಸಂಭವ ಇದ್ದ ಕೂಸುಗಳಲ್ಲೇ, ತಿನ್ನದೇ ಬೆಳೆದೋರಲ್ಲಿ ನೂರಕ್ಕೆ 17 ಮಂದಿಗೆ ಶೇಂಗಾ ಅಲರ್ಜಿ, ಚಿಕ್ಕಂದಿನಿಂದ ತಿಂದೋರಲ್ಲಿ 3. ಹಲ್ಲು ಬರೋ ಮೊದಲೇ ಬೆರಳಿಗೆ ಶೇಂಗಾ ಹಿಂಡಿ ಹಚ್ಚಿ ನೆಕ್ಕಿಸ್ತಿದ್ದ ನಮ್ಮ ಅಜ್ಜಿ ಯಾವ ಜರ್ನಲ್ಲೂ ಓದಿರಲಿಲ್ಲ. ಆ ಅಜ್ಜಿ ಕಾಲಕ್ಕೆ ವಾಂತಿಭೇದಿಗೆ ಕೂಸುಗಳು ಹೋಗ್ತಿದ್ವು ಅನ್ನೋದೂ ನಿಜ, ಹಂಗಾಗಿ ಶುದ್ಧ ನೀರು, ಕೈ ತೊಳೆಯೋದು ಬಿಡ್ರಿ ಅಂತ ನಾನು ಹೇಳ್ತಿಲ್ಲ.

ನಿಮ್ಮ ಡಾಕ್ಟ್ರು ಹೇಳಿದ ಡಸ್ಟ್ ಬಹುಶಃ ರಸ್ತೆ ಧೂಳೇ ಅಲ್ಲ. ಹಾಸಿಗೆ ದಿಂಬಿನಾಗ ಇರೋ, ಕಣ್ಣಿಗೆ ಕಾಣದ ಮೈಟ್ ಅನ್ನೋ ಹುಳದ ಹಿಕ್ಕೆ. ಕಿಟಕಿ ಮುಚ್ಚಿದಷ್ಟೂ ಅದಕ್ಕೆ ಸುಖ. ಮೊದಲು ಕೌದಿನ ಹಳ್ಳಕ್ಕೆ ಒಯ್ದು ಒಗೆದು ಬಂಡೆಗಲ್ಲಿನ ಮ್ಯಾಲ ಒಣಗಿಸ್ತಿದ್ರು, ಈಗಿನ ಫೋಮ್ ಗಾದಿ ತಂದ ದಿನದಿಂದ ಬಿಸಿಲೇ ಕಂಡಿರಲ್ಲ, ಅದೂ ರಾಯಚೂರು ಜಿಲ್ಲೆ ಬಿಸಿಲು! ಬೆಡ್‌ಶೀಟು ಬಿಸಿನೀರಾಗ ಒಗೀರಿ, ಗಾದಿ ಬಿಸಿಲಿಗೆ ಹಾಕ್ರಿ. ಡಾಕ್ಟ್ರ ಔಷಧಿ ಮಾತ್ರ ನಿಲ್ಲಿಸಬೇಡ್ರಿ, ಶುರುವಾದ ಅಲರ್ಜಿ ಹೊಲಕ್ಕೆ ಹೋದ್ರೆ ವಾಸಿ ಆಗ್ತದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ್ರಿ, ನಾನೇ ಹೇಳಿದ್ರೂ.

ಮಣ್ಣೆತ್ತಿನ ಅಮಾಸಿಗೆ ಮೊನ್ನೆ ನಮ್ಮ ಓಣಿ ಹುಡುಗರು ಎತ್ತನ್ನ ಅಂಗಡಿಯಿಂದ ತಂದ್ರು, ಬಣ್ಣ ಹಚ್ಚಿದ್ದು, ನಲವತ್ತು ರೂಪಾಯಿ ಜೋಡಿ. ನಾವು ಹುಡುಗರಿದ್ದಾಗ ಕೆರಿ ದಂಡಿಗೆ ಹೋಗಿ ಎರಿಮಣ್ಣು ತಂದು, ನಾದಿ, ಕೊಂಬು ಮುರದು ಮತ್ತೆ ಹಚ್ಚಿ, ಸಂಜಿ ತನಕ ಮೊಳಕೈ ಮಟ ಕೆಸರು. ಮಣ್ಣಿನ ಹಬ್ಬದ ದಿನನೂ ಕೈಗೆ ಮಣ್ಣು ಹತ್ತದಂಗ ಆದ್ರೆ ಹೆಂಗ? ಶಾಲಿ ಮೈದಾನಕ್ಕೂ ಸಿಮೆಂಟ್ ಬಡದು 'ಅಭಿವೃದ್ಧಿ' ಅಂತ ಬೋರ್ಡ್ ಹಾಕ್ತಾರೆ, ಫೋಟೋ ನಮ್ಮ ಪತ್ರಿಕೆಗೇ ಕಳಸ್ತಾರೆ. ನಾನು ಹಾಕಲ್ಲ, ಅದಕ್ಕೆ ಇಬ್ರು ಹೆಡ್‌ಮಾಸ್ಟರು ನನ್ ಕೂಡ ಮಾತು ಬಿಟ್ಟಾರೆ.

ನಿಮ್ಮತ್ತೆಯವರ ಊರಾಗ ಇನ್ನೂ ದನ ಅದಾವೋ, ಇಲ್ಲಾ ಅಲ್ಲೂ ಗ್ವಾದಲಿ ಜಾಗಕ್ಕೆ ಟ್ರಾಕ್ಟರ್ ನಿಂತೈತೋ? ಅದನ್ನ ಬರದಿಲ್ಲ ನೀವು. ಮುಂದಿನ ಪತ್ರ ಅವರಿಂದನೇ ಬರಸ್ರಿ.