ಹಳೇ ಸ್ಕಾರ್ಪಿಯೋ ಬೀಡಿಂಗ್: ಪೇಂಟ್ ಸಾಕಾ, ಹೊಸದೇ ಬೇಕಾ?

ಸರ್, ನಿಮ್ಮ 2010ರ ಸ್ಕಾರ್ಪಿಯೋ ಫೋರ್ ಬೈ ಫೋರ್ ಕಿಟಕಿ ಹೊರಗಿನ ಬೀಡಿಂಗ್ (ಗ್ಲಾಸಿನ ಬುಡದಲ್ಲಿರೋ ಕಪ್ಪು ಪಟ್ಟಿ) ಬೆಳ್ಳಗಾಗಿದೆ, ಪೇಂಟ್ ಹೊಡೀಲಾ ಬದಲಾಯಿಸ್ಲಾ ಅಂತ ಕೇಳಿದ್ರಲ್ಲ, ಮೊದ್ಲು ಗ್ಲಾಸಿಗೆ ತಾಗೋ ರಬ್ಬರ್ ಅಂಚನ್ನ ಉಗುರಲ್ಲಿ ಬಗ್ಗಿಸಿ ನೋಡಿ. ಮೆತ್ತಗೆ ವಾಪಸ್ ಬಂದ್ರೆ ಪೇಂಟ್ ಸಾಕು. ಗಟ್ಟಿಯಾಗಿ ಬಿರುಕು ಬಿಟ್ಟಿದ್ರೆ ಹೊಸದೇ ಹಾಕ್ಸಿ, ಯಾಕಂದ್ರೆ ಆ ಸಂದಿಯಿಂದ ಡೋರ್ ಒಳಗೆ ನೀರು ಜಾಸ್ತಿ ಇಳಿಯುತ್ತೆ, ಕೆಳಗಿನ ಡ್ರೈನ್ ತೂತಲ್ಲಿ ಮಣ್ಣು ಕಟ್ಟಿದ್ರಂತೂ ಅಲ್ಲೇ ನಿಂತು ಡೋರ್ ತಳ ತುಕ್ಕು ಹಿಡಿಯುತ್ತೆ.

ಪೇಂಟ್ ಅಂದ್ರೆ ಕೆಲ್ಸ ಇರೋದೆಲ್ಲ ತಯಾರೀಲೇ. ಶಾಂಪೂ ಹಾಕಿ ತೊಳ್ದು, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, 600 ಗ್ರಿಟ್ಟಿನ ವಾಟರ್ ಪೇಪರಲ್ಲಿ (ನಯವಾದ ಉಜ್ಜೋ ಕಾಗದ) ನೀರು ಬಿಟ್ಕೊಂಡು ಹಗುರಕ್ಕೆ ಉಜ್ಜಿ, ಆಮೇಲೆ ಪ್ಲಾಸ್ಟಿಕ್ ಪ್ರೈಮರ್ (ಒಳಗಿನ ತಗಡು ಕಾಣ್ತಿದ್ರೆ ಅಷ್ಟು ಜಾಗಕ್ಕೆ ಲೋಹಕ್ಕೆ ಕಚ್ಚಿ ಹಿಡಿಯೋ ಎಚ್ (etch) ಪ್ರೈಮರ್), ಅದು ಒಣಗಿದ್ಮೇಲೆ ಸ್ಯಾಟಿನ್ ಬ್ಲ್ಯಾಕ್ (ಅರೆಹೊಳಪಿನ ಕಪ್ಪು) ತೆಳ್ಳಗೆ ಎರಡ್ಮೂರು ಕೋಟು. ಫುಲ್ ಹೊಳೆಯೋ ಕಪ್ಪು ಬೇಡ, ಹಳೇ ಗಾಡಿಗೆ ಅದು ಎದ್ದು ಕಾಣುತ್ತೆ. ಗ್ಲಾಸಿಗೂ ಬಾಡಿಗೂ ಮಾಸ್ಕಿಂಗ್ ಟೇಪು ಧಾರಾಳವಾಗಿ ಹಾಕಿ, ರಬ್ಬರ್ ಅಂಚಿಗೂ ಅಷ್ಟೇ, ಅಲ್ಲಿ ಪೇಂಟ್ ಕೂತ್ರೆ ಗ್ಲಾಸ್ ಏರಿಳಿಸೋವಾಗ ಒಡೆದು ಉದುರುತ್ತೆ.

ಟೈರ್ ಪಾಲಿಶ್ ಹಚ್ಚಿ ಅನ್ನೋರೂ ಇದಾರೆ, ಕೇಳ್ಬೇಡಿ. ನಾಲ್ಕು ಮಳೆಗೆ ಹೋಗುತ್ತೆ, ಸಿಲಿಕೋನ್ ಮಾತ್ರ ಉಳ್ಕೊಂಡು ಮುಂದೆ ಪೇಂಟೂ ಸರಿಯಾಗಿ ಹಿಡಿಯಲ್ಲ.