ಎರಡೂವರೆ ವರ್ಷದ ಮಗನಿಗೆ ನೆಲಗಡಲೆ ಅಲರ್ಜಿ. ಹೋಗಿದೆಯೇ ಎಂದು ಮನೆಯಲ್ಲೇ ಸ್ವಲ್ಪ ತಿನ್ನಿಸಿ ನೋಡಬಹುದೇ?

ಬೇಡ. ನಾನು ತಿನ್ನಿಸಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಮಗನಿಗೆ ಆಗ ಮೂರೂವರೆ ವರ್ಷ. ಭಾನುವಾರ ಸಂಜೆ ಮಲ್ಪೆ ಬೀಚಿನಲ್ಲಿ ಅಕ್ಕನ ಪೊಟ್ಟಣದಿಂದ ಎರಡು ತುತ್ತು ಚುರುಮುರಿ ಕಸಿದು ತಿಂದುಬಿಟ್ಟ. ರಾತ್ರಿಯಿಡೀ ಪಕ್ಕದಲ್ಲಿ ಕುಳಿತು ಕಾದೆ. ಒಂದು ದದ್ದೂ ಏಳಲಿಲ್ಲ. ಅದೇ ತಿಂಗಳ ರಕ್ತಪರೀಕ್ಷೆಯಲ್ಲಿ ಐಜಿಇ, ಅಂದರೆ ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯದ ಪ್ರಮಾಣವೂ ಇಳಿದಿತ್ತು. ಎರಡನ್ನೂ ಕೂಡಿಸಿ ಅಲರ್ಜಿ ಹೋಯಿತು ಎಂದು ನಾನೇ ತೀರ್ಮಾನಿಸಿದೆ. ಬೆಳಿಗ್ಗೆ ನೆಲಗಡಲೆ ಹುರಿದು, ಪುಡಿಮಾಡಿ, ಬೆಲ್ಲ ಬೆರೆಸಿ ಅರ್ಧ ಚಮಚ ಕೊಟ್ಟೆ.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲೇ ನಿಂತಿದ್ದೀರಿ. ಆ ಎರಡು ತುತ್ತಿನಲ್ಲಿ ಮಂಡಕ್ಕಿ ಇತ್ತು, ಈರುಳ್ಳಿ ಇತ್ತು, ತೆಂಗಿನೆಣ್ಣೆ ಇತ್ತು. ನೆಲಗಡಲೆಯ ಕಾಳು ಅವನ ಬಾಯಿಗೆ ಹೋಗಿತ್ತೇ? ನಾನು ನೋಡಿರಲಿಲ್ಲ. ಹೋಗಿದ್ದರೂ ಒಂದು ಚೂರು ತಡೆದುಕೊಂಡ ಮೈ ಅರ್ಧ ಚಮಚ ತಡೆಯಬೇಕೆಂದಿಲ್ಲ. ಐಜಿಇ ಇಳಿದರೆ ಅಲರ್ಜಿ ಹೋಗುವ ಸಾಧ್ಯತೆ ಹೆಚ್ಚಿತು ಎಂದಷ್ಟೇ ಅರ್ಥ. ನಾನು ಅದನ್ನು ಹೋಗಿದೆ ಎಂದು ಓದಿಕೊಂಡೆ.

ಹತ್ತು ನಿಮಿಷದೊಳಗೆ ಅವನ ಕೆಳತುಟಿ ಊದಿತು. "ಅಮ್ಮಾ, ಗಂಟಲಲ್ಲಿ ಮೀನಿನ ಮುಳ್ಳು" ಎಂದ. ಅಂದು ನಮ್ಮ ಮನೆಯಲ್ಲಿ ಮೀನೇ ಮಾಡಿರಲಿಲ್ಲ. ಅಲರ್ಜಿ ಸಿರಪ್ ಕುಡಿಸಿ ಕಾದೆ. ಸಿರಪ್ ತುರಿಕೆಗೆ ಆದೀತು, ಉಸಿರು ಕಟ್ಟುವುದಕ್ಕೆ ಆಗದು. ವಾಂತಿಯಾಯಿತು, ದನಿ ಗೊಗ್ಗರಾಯಿತು. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಚುಚ್ಚಿದ ಮೇಲೆಯೇ ಅವನು ಸರಿಯಾಗಿ ಉಸಿರಾಡಿದ್ದು.

ಹಾಲು, ಮೊಟ್ಟೆಯ ಅಲರ್ಜಿ ಬಹುಪಾಲು ಮಕ್ಕಳಿಗೆ ಬಿಟ್ಟುಹೋಗುತ್ತದೆ. ನೆಲಗಡಲೆಯದು ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ. "ದೊಡ್ಡವನಾದರೆ ಸರಿಹೋಗುತ್ತದೆ" ಎನ್ನುವ ನೆಂಟರಿಗೆ ಇದನ್ನೇ ಹೇಳಿ. ಸಣ್ಣದರಲ್ಲೇ ತಿನ್ನಿಸಿದರೆ ಒಳ್ಳೆಯದು ಎಂದು ಎಲ್ಲೋ ಓದಿದ್ದೀರಾದರೆ, 2015ರಲ್ಲಿ ಪ್ರಕಟವಾದ ಲಂಡನ್ನಿನ ಆ ಅಧ್ಯಯನ 4ರಿಂದ 11 ತಿಂಗಳ ಕೂಸುಗಳಿಗೆ ಅಲರ್ಜಿ ಬಾರದಂತೆ ತಡೆಯುವ ಕುರಿತಾದದ್ದು. ಬಂದ ಅಲರ್ಜಿಯನ್ನು ಅಡುಗೆಮನೆಯಲ್ಲಿ ಕಳೆಯುವ ದಾರಿ ಅದಲ್ಲ.

ನನ್ನ ಮಗನಿಗೆ ಆರು ತುಂಬಿದಾಗ ವೈದ್ಯರೇ ಆಸ್ಪತ್ರೆಯಲ್ಲಿ ಕೂರಿಸಿಕೊಂಡು ತಿನ್ನಿಸಿ ನೋಡಿದರು. ಸಾಸಿವೆಯಷ್ಟು ಪುಡಿಯಿಂದ ಶುರು, ಪ್ರತಿ ಸಲವೂ ಕಾದು ನೋಡಿ ಮುಂದಿನ ಪಾಲು. ಅಡ್ರಿನಲಿನ್ ಕೈಯಳತೆಯಲ್ಲೇ ಇತ್ತು. ಏನೂ ಆಗಲಿಲ್ಲ, ಆ ಐವರಲ್ಲಿ ಒಬ್ಬ ನಮ್ಮವನೇ ಆದ. ತಿನ್ನುವುದನ್ನು ಬಿಟ್ಟರೆ ಅಲರ್ಜಿ ಮರಳಬಹುದು ಎಂದಿದ್ದಾರೆ. ಹಾಗಾಗಿ ವಾರಕ್ಕೆರಡು ಸಲ ದೋಸೆಗೆ ನೆಲಗಡಲೆ ಚಟ್ನಿ. ಅವನಿಗೆ ಅದರ ರುಚಿಯೇ ಹಿಡಿಸುವುದಿಲ್ಲ. ಪಕ್ಕದಲ್ಲಿ ಕುಳಿತು ತಿನ್ನಿಸುತ್ತೇನೆ.